ಅಪ್ಪ ಕಚೇರಿಯಿಂದ ತಂದ ಪದ

ಈಗ ಹೇಳಹೊರಟಿರುವ ಸಂಗತಿ ಯಾವ ಮನೆಯಲ್ಲಿ ನಡೆಯಿತು ಎಂಬುದೇ ನನಗೆ ನಿಶ್ಚಯವಿಲ್ಲ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಕಡೂರಿನಲ್ಲಿದ್ದೆವು, ಅಲ್ಲಿಂದ ತರೀಕೆರೆಗೆ ವರ್ಗವಾಯಿತು, ಆಮೇಲೆ ಅಜ್ಜಂಪುರಕ್ಕೆ. ಮೂರು ಊರಿನ ಮೂರು ಬಾಡಿಗೆ ಮನೆಗಳು ನೆನಪಿನಲ್ಲಿ ಕಲಸಿಕೊಂಡು ಒಂದೇ ಮನೆಯಾಗಿ ನಿಂತಿವೆ. ಅದರ ಅಡುಗೆಮನೆ ಕಡೂರಿನದು: ನೆಲಕ್ಕೆ ಕಲ್ಲುಚಪ್ಪಡಿ, ಗೋಡೆಗೆ ಮಸಿ, ಗವಾಕ್ಷಿಯಿಂದ ಓರೆಯಾಗಿ ಇಳಿಯುವ ಬಿಸಿಲು. ಹಿತ್ತಿಲ ಜಗಲಿ ತರೀಕೆರೆಯದಿರಬೇಕು, ಏಕೆಂದರೆ ಅದರ ಮೂಲೆಯಲ್ಲಿ ಒಣಗಲು ಪೇರಿಸಿಟ್ಟ ಹಸಿ ಸೌದೆಯ ವಾಸನೆಯಿದೆ. ಕಡೂರಿನಲ್ಲಿ ಸೌದೆ ಹಸಿಯಾಗಿರುವುದನ್ನು ನಾನು ಕಂಡದ್ದಿಲ್ಲ. ಅಡುಗೆಮನೆಗೂ ಜಗಲಿಗೂ ನಡುವಿನ ಹೊಸ್ತಿಲು ಮಾತ್ರ ಅಜ್ಜಂಪುರದ್ದು, ಎತ್ತರವಾದದ್ದು, ಅದನ್ನು ಎಡವಿ ಒಡೆದುಕೊಂಡ ಹಲ್ಲು ಇಂದಿಗೂ ಮೊಂಡಾಗಿದೆ. ಇಂಥ ಜೋಡಣೆಯ ಮನೆಯಲ್ಲಿ ಯಾರೂ ಎಂದೂ ವಾಸ ಮಾಡಿರಲು ಸಾಧ್ಯವಿಲ್ಲ ಎಂಬುದು ನನಗೆ ಗೊತ್ತು. ಸಂಜೆ ಜಗಲಿಯಲ್ಲಿ ಕೂತಾಗ ರೈಲಿನ ಸಿಳ್ಳು ಕೇಳುತ್ತಿತ್ತು ಎಂಬುದನ್ನು ಹಿಡಿದು ಊರು ಯಾವುದೆಂದು ಪತ್ತೆ ಮಾಡೋಣವೆಂದರೆ, ಮೂರು ಊರಿಗೂ ರೈಲಿತ್ತು. ವಿಶ್ವವಿದ್ಯಾನಿಲಯದಲ್ಲಿ ಸಾಕ್ಷಿಯನ್ನು ಅನುಮಾನಿಸುವುದನ್ನು ಕಲಿಸಿದರು. ಸಾಕ್ಷಿ ಹೇಳುವವನು ನಾನೇ ಆದಾಗ ಏನು ಮಾಡಬೇಕೆಂದು ಹೇಳಿಕೊಡಲಿಲ್ಲ. ಮನೆ ಯಾವುದಾದರೂ ಇರಲಿ, ಅದರಲ್ಲಿದ್ದವರ ಬಗ್ಗೆ ನನಗೆ ಅನುಮಾನವಿಲ್ಲ. ಅಪ್ಪ, ಅಮ್ಮ, ಅಪ್ಪನ ತಾಯಿ ಅಜ್ಜಿ, ಅಪ್ಪನ ತಂಗಿ ರಂಗತ್ತೆ, ಮತ್ತು ನಾನು. ಅಪ್ಪನ ತಮ್ಮ ಶೀನ ಚಿಕ್ಕಪ್ಪ ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದ, ರಜೆಗೆ ಬರುತ್ತಿದ್ದ.

ಅಜ್ಜಿಗೂ ಗಂಡನಿರಲಿಲ್ಲ, ರಂಗತ್ತೆಗೂ ಇರಲಿಲ್ಲ. ಅಜ್ಜಿಯ ಗಂಡ ಸಂಸಾರ ಮಾಡಿ, ಯಗಟಿಯ ಕಡೆ ಹೊಲವನ್ನೂ ತೆಂಗಿನ ತೋಟವನ್ನೂ ಕೂಡಿಸಿ ಹೋದವರು. ಅತ್ತೆಯ ಗಂಡನ ಮುಖ ಅತ್ತೆಗೇ ನೆನಪಿರಲಿಲ್ಲ. ಆದರೂ ನಿಯಮ ಇಬ್ಬರಿಗೂ ಒಂದೇ. ದಿನಕ್ಕೆ ಒಂದೇ ಊಟ. ಅದೂ ಎಲ್ಲರದೂ ಆಗಿ, ಅಜ್ಜಿಯ ಪೂಜೆ ಮುಗಿದು, ಹೊತ್ತು ಪಡುವಣಕ್ಕೆ ವಾಲಿದ ಮೇಲೆ. ಮತ್ತೆ ಕತ್ತಲಾದ ಮೇಲೆ ಒಂದು ಹಿಡಿ ಅರಳು, ಹಾಲು. ಅದಕ್ಕೆ ಫಲಾಹಾರ ಎನ್ನುತ್ತಿದ್ದರು. ಅಜ್ಜಿಗೆ ವಯಸ್ಸಾಗಿತ್ತು, ಹಸಿವು ಕಡಿಮೆ, ಎಷ್ಟೋ ದಿನ ಅದನ್ನೂ ಬೇಡ ಎನ್ನುತ್ತಿದ್ದಳು. ತಾಯಿ ಬೇಡವೆಂದ ಮೇಲೆ ಮಗಳು ಹೇಗೆ ತಿಂದಾಳು? ಅತ್ತೆಯೂ ನೀರು ಕುಡಿದು ಮಲಗುತ್ತಿದ್ದಳು. ಆದರೆ ಮನೆಯಲ್ಲಿ ರುಬ್ಬುವವಳು, ಸೇದುವವಳು, ಹಸು ಕರೆಯುವವಳು ಅವಳು. ಇಪ್ಪತ್ತೈದರ ಒಳಗಿನ ಹೆಂಗಸು, ಗಟ್ಟಿ ಮೈಕಟ್ಟು, ಅದಕ್ಕಿಂತ ಗಟ್ಟಿ ಗಂಟಲು. ಹಸಿವಾಗುತ್ತದೆ ಎಂದು ಅವಳು ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ನಾನು ರೊಟ್ಟಿ ತಿನ್ನುವಾಗ ಮಾತ್ರ, ಬೆಂದ ರಾಗಿಯ ವಾಸನೆಗೆ ಅವಳ ಮೂಗು ಒಂದು ಸಲ ಅರಳಿ ಮುಚ್ಚುತ್ತಿತ್ತು. ಇದನ್ನು ನಾನು ಆಗಲೇ ಗಮನಿಸಿದೆನೋ ಆಮೇಲೆ ಬುದ್ಧಿ ಬಂದ ಮೇಲೆ ಅವಳ ಮುಖಕ್ಕೆ ಅಂಟಿಸಿದೆನೋ ಹೇಳಲಾರೆ.

ಕಡೂರಿನಲ್ಲಿ ಒಂದು ಬೇಸಗೆ ಅತ್ತೆ ಬಾವಿಯ ಹತ್ತಿರ ಬಿದ್ದಳು. ಇದು ಕಡೂರೇ, ಏಕೆಂದರೆ ಬಾವಿ ಆಳವಿತ್ತು, ಹಗ್ಗ ಎಳೆದಷ್ಟೂ ಮುಗಿಯುತ್ತಿರಲಿಲ್ಲ. ಕೊಡ ಮೇಲೆ ಬಂದಿತ್ತು, ಅವಳು ಕೆಳಗೆ ಕೂತಳು, ಕೂತವಳು ಹಾಗೇ ಪಕ್ಕಕ್ಕೆ ಒರಗಿದಳು, ಹಗ್ಗ ಕೈ ಜಾರಿ ಕೊಡ ಮತ್ತೆ ಬಾವಿಗೆ ಹೋಯಿತು. ಕೊಡ ಬಿದ್ದ ಸದ್ದಿಗೆ ಎಲ್ಲರೂ ಓಡಿಬಂದರು. ಅಪ್ಪ ಆಗ ತಾನೇ ಕಚೇರಿಯಿಂದ ಬಂದು ರುಮಾಲು ತೆಗೆಯುತ್ತಿದ್ದವರು ಅದನ್ನೇ ನೀರಿನಲ್ಲಿ ಅದ್ದಿ ಅವಳ ಹಣೆಗೆ ಒತ್ತಿದರು. ಅತ್ತೆ ಕಣ್ಣು ಬಿಟ್ಟು ಮೊದಲು ಆಡಿದ ಮಾತು ಅಮ್ಮನಿಗೂ ನೆನಪಿತ್ತು, ನನಗೂ ಇದೆ; ಹಾಗಾಗಿ ಇದನ್ನು ನಂಬಬಹುದು.

"ರುಮಾಲು ಹಾಳ್ಮಾಡ್ಕೊಂಡ್ಯಲ್ಲೋ ಅಣ್ಣ. ನಾಳೆ ಕಚೇರಿಗೆ ಬರೀ ತಲೇಲಿ ಹೋಗ್ತೀಯಾ?"

ಆ ದಿನಗಳಲ್ಲಿ ಮೇಲಿನ ಸಾಹೇಬರು ಯಾರಾದರೂ ಕ್ಯಾಂಪು ಬಂದರೆ ಬಂಗಲೆಗೆ ಬೇಕಾದ ಹಾಲು, ಹಣ್ಣು, ಸೌದೆ ಒದಗಿಸುವ ಕೆಲಸ ಅಪ್ಪನ ಪಾಲಿಗೆ ಬೀಳುತ್ತಿತ್ತು. ಸಾಹೇಬರ ಬಟ್ಲರು ಟಿಫಿನ್ನಿಗೆ ಇಂಥದು, ಡಿನ್ನರಿಗೆ ಇಂಥದು ಎಂದು ಬೇರೆ ಬೇರೆಯಾಗಿ ಕೇಳುತ್ತಿದ್ದನಂತೆ. ಅಪ್ಪ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆಂದು ಕಾಣುತ್ತದೆ. ಕಚೇರಿಯಲ್ಲಿ ಬೆಳೆದ ಬುದ್ಧಿ ಅವರದು. ಲೆಕ್ಕದ ಯಾವ ಬಾಬಿಗೂ ಸೇರದ ವಿಷಯ ಬಂದರೆ ಅದನ್ನು ತಿರಸ್ಕರಿಸುವುದಿಲ್ಲ, ಹೊಸ ಬಾಬು ತೆರೆಯುತ್ತಾರೆ. ಅತ್ತೆ ಬಿದ್ದ ಮಾರನೆಯ ದಿನವೋ ಅದರ ಮಾರನೆಯ ದಿನವೋ, ಅಜ್ಜಿ ಬತ್ತಿ ಹೊಸೆಯುತ್ತಾ ಕೂತಿದ್ದಾಗ ಅಪ್ಪ ಅವಳ ಎದುರಿಗೆ ಕೂತರು.

"ಅಮ್ಮಾ, ರಂಗೂಗೆ ಸಾಯಂಕಾಲ ಏನಾದ್ರೂ ಕೊಡ್ಬೇಕು."

"ಎರಡು ಹೊತ್ತು ಊಟ ಹಾಕು ಅಂತೀಯೇನೋ?"

"ಊಟ ಅಂತ ಯಾರಂದ್ರು? ಟಿಫಿನ್ನು."

"ಹಂಗಂದ್ರೆ?"

"ಊಟ ಅಲ್ಲ ಅಂತ."

"ಫಲಾಹಾರವೋ?"

"ಅದೂ ಅಲ್ಲ. ಫಲಾಹಾರ ಊಟದ ಬದಲಿಗೆ ಮಾಡೋದು. ಇದು ಯಾವುದ್ರ ಬದಲಿಗೂ ಅಲ್ಲ. ನಮ್ಮಲ್ಲಿ ಇದಕ್ಕೆ ಹೆಸರೇ ಇಲ್ಲ. ಹೆಸರೇ ಇಲ್ಲ ಅಂದ್ಮೇಲೆ ಮಾಡ್ಬಾರ್ದು ಅಂತ ಯಾರು ಹೇಳಿರ್ತಾರೆ?"

ಅಜ್ಜಿ ಒಂದು ಬತ್ತಿ ಮುಗಿಸಿ ಇನ್ನೊಂದಕ್ಕೆ ಹತ್ತಿ ಎಳೆದಳು.

"ಅದೇನೋಪ್ಪ. ನಂಗೆ ಇಂಗ್ಲಿಷು ಬರಲ್ಲ. ನನ್ನ ಕೇಳ್ಬೇಡ."

ನಮ್ಮ ಮನೆಯ ರೀತಿ ಗೊತ್ತಿಲ್ಲದವರಿಗೆ ಇದು ನಿರಾಕರಣೆಯಂತೆ ಕೇಳಬಹುದು. ಅಜ್ಜಿ ಕೂಡದು ಎನ್ನಬೇಕಾದರೆ ಕೂಡದು ಎಂದೇ ಅನ್ನುತ್ತಿದ್ದಳು. ಕೇಳಬೇಡ ಎಂದರೆ ಅವಳು ಮುಖ ಆಚೆ ತಿರುಗಿಸಿಕೊಂಡಳು, ದಾರಿ ಬಿಟ್ಟಳು ಎಂದರ್ಥ. ತನ್ನ ಮಗಳು ಸಂಜೆ ಏನು ತಿನ್ನುತ್ತಾಳೆ ಎಂಬುದು ಅವಳಿಗೆ ಗೊತ್ತಾಗದ ಭಾಷೆಯೊಳಗೆ ಹೋಗಿ ಕೂತಿತು. ಗೊತ್ತಾಗದ್ದಕ್ಕೆ ಅವಳು ಹೊಣೆಯಲ್ಲ. ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಅಮ್ಮ ಅವತ್ತೇ ಮಡಿಯಲ್ಲಿ ರವೆ ಹುರಿಯಲು ಶುರುಮಾಡಿದಳು.

ಹಾಗೆ ಆರಂಭವಾದ ಆ ಸಂಜೆಗಳು ನನ್ನ ಬಾಲ್ಯದಲ್ಲಿ ನಾನು ಕಂಡ ದೊಡ್ಡ ಸುಖ. ನಾವು ತರೀಕೆರೆಗೆ ಬಂದ ಮೇಲೂ ಅದು ನಿಲ್ಲಲಿಲ್ಲ. ಅಪ್ಪ ಕಚೇರಿಯಿಂದ ಬಂದು, ಕೈಕಾಲು ತೊಳೆದು, ಹಿತ್ತಿಲ ಜಗಲಿಯಲ್ಲಿ ಕೂರುವರು. ಉಪ್ಪಿಟ್ಟು, ಇಲ್ಲವೇ ಒಗ್ಗರಣೆ ಅವಲಕ್ಕಿ, ಕೆಲವು ದಿನ ಹುರಿಹಿಟ್ಟಿಗೆ ಬೆಲ್ಲ, ಯಗಟಿಯಿಂದ ಗಾಡಿಯಲ್ಲಿ ಬಂದ ಕಾಯಿಯ ತುರಿ. ಇದು ಊಟವಲ್ಲವಾದ್ದರಿಂದ ಎಲೆ ಹಾಕುವಂತಿರಲಿಲ್ಲ, ತಟ್ಟೆಯೇ ಸೈ. ಊಟವಲ್ಲವಾದ್ದರಿಂದ ಎಲೆಯ ಸುತ್ತ ನೀರು ಕಟ್ಟಿ ಮಂತ್ರ ಹೇಳುವುದಿರಲಿಲ್ಲ. ಊಟವಲ್ಲವಾದ್ದರಿಂದ ಪಂಕ್ತಿಯೂ ಇರಲಿಲ್ಲ, ಮೊದಲು ಗಂಡಸರು ಆಮೇಲೆ ಹೆಂಗಸರು ಎಂಬುದೂ ಇರಲಿಲ್ಲ. ಅಪ್ಪ ಇದನ್ನೆಲ್ಲ ಮೊದಲೇ ಯೋಚಿಸಿದ್ದರೋ ಅಥವಾ ಒಂದು ಗಂಟು ಬಿಚ್ಚಿದಾಗ ಮಿಕ್ಕವೂ ತಾವಾಗಿ ಸಡಿಲಿದವೋ ಗೊತ್ತಿಲ್ಲ. ಅಂತೂ ಇಡೀ ದಿನದಲ್ಲಿ ಅತ್ತೆ ಎಲ್ಲರ ಜೊತೆ ಕೂತು ಬಾಯಿ ಆಡಿಸುತ್ತಿದ್ದದ್ದು ಆ ಹೊತ್ತು ಮಾತ್ರ. ಒಂದು ಮೊಳ ದೂರ ಇರುತ್ತಿತ್ತು, ಮಡಿಗಾಗಿ. ಆದರೆ ಮಾತಿಗೆ ಆ ದೂರವಿರಲಿಲ್ಲ. ಅಜ್ಜಿ ಹೊಸ್ತಿಲಿನ ಒಳಗೆ, ನಮಗೆ ಬೆನ್ನು ಮಾಡಿ, ಜಪಕ್ಕೆ ಕೂತಿರುತ್ತಿದ್ದಳು.

"ಅಣ್ಣಾ, ನಿಮ್ಮ ಅಮಲ್ದಾರ್ರು ಟಿಫಿನ್ ಮಾಡೋವಾಗ ಮೀಸೆ ಎತ್ತಿ ಹಿಡಿಯಕ್ಕೆ ಒಬ್ಬ ಜವಾನ ಇದಾನಂತೆ, ಹೌದಾ?"

"ಯಾರೇ ಹೇಳಿದ್ದು ನಿಂಗೆ?"

"ಯಾರು ಹೇಳ್ಬೇಕು. ಆ ಮೀಸೆ ನೋಡಿದ್ರೆ ಗೊತ್ತಾಗಲ್ವಾ. ಎಡಗಡೆಗೆ ಒಬ್ಬ, ಬಲಗಡೆಗೆ ಒಬ್ಬ ಬೇಕು."

"ನಕ್ಕು ನೆತ್ತಿಗೆ ಹತ್ತಿಸ್ಕೊಂಡೀಯ, ಸುಮ್ನೆ ತಿನ್ನೇ."

ತಿನ್ನುವುದರಲ್ಲಿ ಅವಳಿಗೆ ನಾಚಿಕೆ ಇರಲಿಲ್ಲ. ಇನ್ನೊಂದು ಸಟ್ಟುಗ ಬಡಿಸಿದರೆ ಬೇಡ ಎನ್ನುತ್ತಿರಲಿಲ್ಲ. ನನಗೂ ಅವಳಿಗೂ ಯಾರು ಮೊದಲು ತಟ್ಟೆ ಖಾಲಿ ಮಾಡುತ್ತಾರೆ ಎಂದು ಪಂದ್ಯ ನಡೆಯುತ್ತಿತ್ತು, ನಾನು ಗೆದ್ದದ್ದು ಅವಳು ಮಾತಿಗೆ ತೊಡಗಿದ ದಿನಗಳಲ್ಲಿ ಮಾತ್ರ. ಅವಳ ಕೆನ್ನೆ ತುಂಬಿಕೊಂಡಿತು ಎಂದು ಅಮ್ಮ ಹೇಳುತ್ತಿದ್ದಳು. ಅಜ್ಜಿಗೂ ಅದು ಕಂಡಿರಲೇಬೇಕು.

ಶೀನ ಚಿಕ್ಕಪ್ಪ ಮುಂದಿನ ಬೇಸಗೆ ರಜೆಗೆ ಬಂದಾಗ ನಾಲಗೆಯ ತುದಿಯಲ್ಲಿ ಇಂಗ್ಲಿಷ್ ಇಟ್ಟುಕೊಂಡು ಬಂದಿದ್ದ. ಅವನು ಕೆಟ್ಟವನಲ್ಲ. ಅತ್ತೆಗಿಂತ ನಾಲ್ಕೈದು ವರ್ಷ ಚಿಕ್ಕವನು, ಅವಳ ಸೊಂಟದ ಮೇಲೆ ಬೆಳೆದವನು. ರಜೆಗೆ ಬಂದ ದಿನ ಮೊದಲು ಹೋಗಿ ನಿಲ್ಲುತ್ತಿದ್ದದ್ದು ಅವಳ ಮುಂದೆಯೇ. ಆದರೆ ಓದಿಸುತ್ತಿದ್ದ ಅಣ್ಣನ ಮೇಲೆ ಒಂದು ಸಣ್ಣ ಗೆಲುವು ಅವನಿಗೆ ಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಅಪ್ಪ ತಮ್ಮ ಕಚೇರಿಯ ಇಂಗ್ಲಿಷಿನಲ್ಲಿ ಒಂದು ಮಾತಾಡಿದರೆ ಚಿಕ್ಕಪ್ಪ ಅದನ್ನು ಮೃದುವಾಗಿ ತಿದ್ದುತ್ತಿದ್ದ. ಅಪ್ಪ ಹೆಮ್ಮೆಯಿಂದ ತಿದ್ದಿಸಿಕೊಳ್ಳುತ್ತಿದ್ದರು. ಒಂದು ಸಂಜೆ ಎಲ್ಲರೂ ಜಗಲಿಯಲ್ಲಿ ಕೂತಿದ್ದೆವು. ಅಮ್ಮ ಬಡಿಸಿ ಬಾಗಿಲಿಗೆ ಒರಗಿದ್ದಳು. ಅಪ್ಪ ದಿನದ ಹಾಗೆಯೇ ಟಿಫಿನ್ ಎಂಬ ಮಾತು ಆಡಿದರು, ಉಪ್ಪು ಹೆಚ್ಚಾಗಿದೆ ಎಂದೋ ಏನೋ. ಚಿಕ್ಕಪ್ಪ ನಕ್ಕ.

"ಅಣ್ಣಾ, ಈ ಪದ ಎಲ್ಲಿಂದ ಬಂತು ಗೊತ್ತಾ ನಿಂಗೆ?"

"ಇಂಗ್ಲೆಂಡಿಂದ."

"ಇಂಗ್ಲೆಂಡಲ್ಲಿ ಯಾರ ಬಾಯಿಂದ ಅಂತ. ದೊಡ್ಡ ಮನುಷ್ಯರ ಮಾತಲ್ಲ ಇದು, ಬೀದಿ ಪೋಲಿಗಳ ಮಾತು. ನಮ್ಮ ಪ್ರೊಫೆಸರು ಹೇಳಿದ್ರು. ಟಿಫ್ ಅಂದ್ರೆ ಸಾರಾಯಿದು ಒಂದು ಗುಟುಕು. ಅದಕ್ಕೆ ಕೊನೇಲಿ ಒಂದು ಇಂಗ್ ಅಂಟಿಸಿದ್ರು, ಮಾಡೋ ಕೆಲಸಕ್ಕೆ ಅವರು ಅಂಟಿಸೋ ಬಾಲ ಅದು. ಟಿಫಿಂಗ್, ಗುಟುಕು ಹಾಕೋದು. ಈ ಕಡೆ ಬಂದ್ಮೇಲೆ ಬಾಲದ ತುದಿ ಸವೆದು ಟಿಫಿನ್ ಆಯ್ತು. ನೀವು ನೋಡಿದ್ರೆ ದಿನಾ ಸಾಯಂಕಾಲ ಅಮ್ಮನ ಎದುರಿಗೇ ಕೂತ್ಕೊಂಡು ಗುಟುಕು ಹಾಕ್ತಿದ್ದೀರಿ."

ಎಲ್ಲರೂ ನಕ್ಕರು. ಅಪ್ಪ ನಕ್ಕರು, ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ನಾನೂ ಅರ್ಥವಾಗದೆ ನಕ್ಕೆ. ಎಲ್ಲರಿಗಿಂತ ಮೊದಲು ನಕ್ಕವಳು ಅತ್ತೆ ಎಂದು ನನ್ನ ನೆನಪು. ಅಮ್ಮ ಮುಂದೆ ಒಂದು ಸಲ ಹೇಳಿದಳು, ಇಲ್ಲ, ರಂಗಮ್ಮ ನಗಲೇ ಇಲ್ಲ, ತುತ್ತು ಕೈಯಲ್ಲೇ ಇತ್ತು ಎಂದು. ಈ ಎರಡರಲ್ಲಿ ಯಾವುದು ನಿಜ ಎಂಬುದರ ಮೇಲೆ ನನ್ನ ಪಾಲಿಗೆ ಬಹಳಷ್ಟು ನಿಂತಿದೆ, ಆದರೆ ತೀರ್ಮಾನಿಸುವ ದಾರಿಯಿಲ್ಲ. ನಗು ಇಳಿಯುವಷ್ಟರಲ್ಲಿ ಹೊಸ್ತಿಲಿನ ಒಳಗಿನಿಂದ ಅಜ್ಜಿಯ ದನಿ ಬಂತು.

"ಏನಂದ ಅವನು?"

ಅಜ್ಜಿ ಹಿಂದಿರುಗಿ ನೋಡಿರಲಿಲ್ಲ. ಅವಳಿಗೆ ಕೇಳಿಸಿತ್ತು, ಚಿಕ್ಕಪ್ಪ ಹೇಳಿದ್ದು ಅಚ್ಚ ಕನ್ನಡದಲ್ಲಿ. ಅಷ್ಟು ದಿನ ಇಂಗ್ಲಿಷಿನೊಳಗೆ ಅಡಗಿ ಕೂತಿದ್ದದ್ದು ಈಗ ಅವಳ ಮುಂದೆ ಬಂದು ನಿಂತಿತ್ತು, ನನ್ನ ಕೇಳಬೇಡ ಎನ್ನುವಂತಿರಲಿಲ್ಲ. ಅವಳು ಇನ್ನೊಂದು ಮಾತಾಡುವ ಮೊದಲೇ ಅತ್ತೆ ಎದ್ದಳು. ತಟ್ಟೆಯನ್ನು ಬಚ್ಚಲಿಗೆ ಒಯ್ದಳು, ಅದರಲ್ಲಿದ್ದದ್ದನ್ನು ಹಸುವಿನ ಬಾನಿಗೆ ಸುರಿದಳು, ತೊಳೆದು ಬೋರಲು ಹಾಕಿದಳು. ಎಲ್ಲ ಕೆಲಸವನ್ನೂ ದಿನ ಮಾಡುವ ಹಾಗೆಯೇ, ಸಮಾಧಾನವಾಗಿ ಮಾಡಿದಳು. ಮಾರನೆಯ ಸಂಜೆ ಜಗಲಿಗೆ ಅವಳು ಬರಲಿಲ್ಲ.

ಅಪ್ಪ ಮೊದಲು ಅದನ್ನು ಹಗುರವಾಗಿ ತೆಗೆದುಕೊಂಡರು. ಕರೆದರೆ ಬರುತ್ತಾಳೆ ಎಂದುಕೊಂಡಿದ್ದರು. ಕರೆದರೂ ಬರದಿದ್ದಾಗ ತಟ್ಟೆ ಹಿಡಿದು ಅವರೇ ದನದ ಕೊಟ್ಟಿಗೆಯ ಹತ್ತಿರ ಹೋದರು. ನಾನು ಅವರ ಹಿಂದೆ ಹೋದೆ. ಅತ್ತೆ ಹಸುವಿನ ಮೈ ಉಜ್ಜುತ್ತಿದ್ದಳು.

"ಹುಡುಗ ಏನೋ ಓದ್ಕೊಂಡ್ ಬಂದು ಬಡಬಡಿಸಿದ್ರೆ ಅದಕ್ಕೆ ಹಿಂಗೆ ಮಾಡ್ತಾರೇನೇ?"

"ನಾನೇನು ಮಾಡ್ದೆ? ಹಸಿವಿಲ್ಲ."

"ಗೊದಮೊಟ್ಟೆ ನೋಡಿದೀಯೋ ಇಲ್ವೋ? ಬಾಲ ಉದುರಿದ್ಮೇಲೆ ಅದು ಕಪ್ಪೆ. ಆಮೇಲೂ ಅದನ್ನ ಮೀನು ಅಂತಾರಾ? ಇದೂ ಹಂಗೇ. ಬಾಲ ಉದುರ್ತು, ಅರ್ಥ ಬೇರೆ ಆಯ್ತು. ನೀನು ತಿನ್ನೋದು ಉಪ್ಪಿಟ್ಟು, ಸಾರಾಯಿ ಅಲ್ಲ."

"ಈಗ ಕಪ್ಪೆ ತಿನ್ನು ಅಂತೀಯಾ ಅಣ್ಣ ನಂಗೆ?"

ಅಪ್ಪ ನಗಲಿಲ್ಲ. ತಟ್ಟೆಯನ್ನು ಗೋಡೆಯ ಮೇಲಿಟ್ಟರು.

"ಅಮ್ಮ ಬೇಡ ಅಂದ್ಳಾ?"

"ಅಂದಿಲ್ಲ."

"ಮತ್ತೆ?"

ಅತ್ತೆ ಹಸುವಿನ ಬೆನ್ನಿನ ಮೇಲೆ ಕೈಯಿಟ್ಟು ನಿಂತಳು.

"ಅನ್ನಿಸ್ಬೇಕಿತ್ತಾ? ಅವಳ ಬಾಯಲ್ಲೇ ಬೇಡ ಅನ್ನಿಸ್ಬೇಕಿತ್ತಾ? ಇಷ್ಟು ದಿನ ಅವಳು ಬೆನ್ನು ತಿರುಗಿಸ್ಕೊಂಡು ಕೂತಿದ್ಲು ಅಣ್ಣ. ನಾನು ನುಂಗೋ ಸದ್ದು ಅವಳಿಗೆ ಕೇಳ್ಸಲ್ಲ ಅಂದ್ಕೊಂಡಿದ್ಯಾ? ಇನ್ಮೇಲೆ ಹೆಂಗೆ ತಿರುಗಿಸ್ಕೋತಾಳೆ?"

ಈ ಮಾತುಗಳನ್ನು ಅವಳು ಹೀಗೆಯೇ ಆಡಿದಳೆಂದು ನಾನು ಪ್ರಮಾಣ ಮಾಡಲಾರೆ. ಒಬ್ಬ ಹುಡುಗನಿಗೆ ಇಷ್ಟು ಉದ್ದದ ಮಾತು ನೆನಪಿರುವುದು ಅನುಮಾನಕ್ಕೆ ಎಡೆಕೊಡುತ್ತದೆ. ಕಪ್ಪೆಯ ಮಾತು ನಿಜ, ಅದನ್ನು ನಾನು ಕಟ್ಟಲಾರೆ. ಮಿಕ್ಕದ್ದು, ಎಷ್ಟೋ ವರ್ಷ ಅವಳ ಪರವಾಗಿ ನಾನೇ ಯೋಚಿಸಿ ಯೋಚಿಸಿ ಅವಳ ಬಾಯಿಗೆ ಸೇರಿಸಿದ್ದೂ ಇರಬಹುದು. ಅಪ್ಪ ತಟ್ಟೆ ಎತ್ತಿಕೊಂಡು ಬಂದದ್ದು ಮಾತ್ರ ಕಣ್ಣಿಗೆ ಕಟ್ಟಿದೆ. ಉಪ್ಪಿಟ್ಟು ಆರಿ ಗಟ್ಟಿಯಾಗಿತ್ತು, ಅದರಲ್ಲಿ ನೊಣ ಕೂತಿತ್ತು.

ಅಪ್ಪ ಅಷ್ಟಕ್ಕೆ ಬಿಡಲಿಲ್ಲ. ಕೆಲವು ದಿನ ಕಳೆದ ಮೇಲೆ ಕಚೇರಿಯಿಂದ ಇನ್ನೊಂದು ಪದ ತಂದರು. ಅದು ಸಪ್ಪರ್ ಆಗಿತ್ತೋ ರಿಫ್ರೆಶ್‌ಮೆಂಟ್ ಆಗಿತ್ತೋ ಮರೆತಿದ್ದೇನೆ. ಅಜ್ಜಿಯ ಎದುರು ಕೂತು ಮತ್ತೆ ಮೊದಲಿನಿಂದ ಹೇಳತೊಡಗಿದರು. ಅಜ್ಜಿ ಪೂರ್ತಿ ಕೇಳಿದಳು.

"ಅದ್ರ ಅರ್ಥವೇನು ಅಂತ ಶೀನನ್ನ ಕೇಳ್ಕೊಂಡು ಬಾ. ಆಮೇಲೆ ಹೇಳು."

ಅಪ್ಪ ಎದ್ದು ಹೋದರು. ಚಿಕ್ಕಪ್ಪ ಆಗಲೇ ಮೈಸೂರಿಗೆ ಹಿಂದಿರುಗಿದ್ದ. ರಜೆಯ ಕೊನೆಯ ದಿನಗಳಲ್ಲಿ ಅಣ್ಣತಮ್ಮಂದಿರ ನಡುವೆ ಜೋರಾದ ಮಾತೊಂದು ಆಗಿತ್ತು. ಅದು ಈ ವಿಷಯಕ್ಕೇ ಆದದ್ದು ಎಂದು ಬಹಳ ವರ್ಷ ನಂಬಿದ್ದೆ. ಈಗ ನೋಡಿದರೆ ಅಪ್ಪ ಸಿಟ್ಟಾದದ್ದು ಚಿಕ್ಕಪ್ಪ ಜುಟ್ಟು ಕತ್ತರಿಸಿಕೊಂಡು ಬಂದದ್ದಕ್ಕೂ ಇರಬಹುದು. ಇನ್ನೊಂದು ಸಂಗತಿ ಹೇಳದಿದ್ದರೆ ಲೆಕ್ಕ ಸರಿಹೋಗುವುದಿಲ್ಲ. ಆ ಸಂಜೆ ಚಿಕ್ಕಪ್ಪ ಆ ಪದವನ್ನು ಬಿಚ್ಚಿ ತೋರಿಸಿದಾಗ ನನಗೆ ಆದದ್ದು ಬೆರಗು. ದಿನವೂ ಬಾಯಿಂದ ಬಾಯಿಗೆ ಓಡಾಡುವ ಒಂದು ಮಾತಿನ ಹೊಟ್ಟೆಯೊಳಗೆ ಇನ್ನೊಂದು ಮಾತಿರುತ್ತದೆ, ಅದಕ್ಕೆ ಬಾಲವಿರುತ್ತದೆ, ಅದನ್ನು ಎಳೆದು ಹೊರಗೆ ಹಾಕಬಹುದು. ಮುಂದೆ ನಾನು ಓದಿದ್ದೆಲ್ಲ, ಯಾವುದನ್ನೂ ಇದ್ದ ಹಾಗೆ ಒಪ್ಪದೆ ಅದರ ಬುಡ ಕೆದಕುವ ನನ್ನ ಚಟವೆಲ್ಲ, ಆ ಜಗಲಿಯಲ್ಲಿ ಶುರುವಾಯಿತು. ಅತ್ತೆಯ ತಟ್ಟೆ ಬೋರಲಾದ ಸಂಜೆಯೇ ನನ್ನ ವಿದ್ಯೆಯ ಮೊದಲ ದಿನ. ಇವೆರಡನ್ನೂ ಬೇರೆ ಬೇರೆಯಾಗಿ ನೆನೆಯಲು ನನ್ನಿಂದ ಇದುವರೆಗೆ ಆಗಿಲ್ಲ.

ಅಜ್ಜಂಪುರದ ಮನೆಗೆ ಹಿತ್ತಿಲ ಜಗಲಿ ಇರಲಿಲ್ಲ, ಇದ್ದರೂ ಯಾರೂ ಕೂರುತ್ತಿರಲಿಲ್ಲ. ಅಪ್ಪ ಸಂಜೆಯದನ್ನು ಮುಂಬಾಗಿಲಿನ ಹತ್ತಿರ ಒಬ್ಬರೇ ಕೂತು ಮುಗಿಸುತ್ತಿದ್ದರು. ಅದಕ್ಕೆ ಅವರು ಯಾವ ಹೆಸರನ್ನೂ ಹೇಳುತ್ತಿರಲಿಲ್ಲ. ಸ್ವಲ್ಪ ಏನಾದ್ರೂ ಕೊಡೇ, ಎನ್ನುವರು. ಅತ್ತೆ ಮೊದಲಿನ ಹಾಗೆ ಒಪ್ಪತ್ತಿಗೆ ಮರಳಿದ್ದಳು. ತಮಾಷೆಯ ಮಾತು ಪೂರಾ ನಿಂತಿತು ಎಂದರೆ ಸುಳ್ಳಾಗುತ್ತದೆ. ಅವಳು ಆಗಾಗ ಆಡುತ್ತಿದ್ದಳು, ಆದರೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಆಡುವ ಜಾಗ ಅವಳಿಗೆ ಇರಲಿಲ್ಲ. ರುಬ್ಬುವಾಗ ಅಮ್ಮನಿಗೆ ಒಂದು, ನೀರು ತರುವಾಗ ನನಗೆ ಒಂದು. ಆ ಮನೆಯಲ್ಲಿ ನಡೆದ ಒಂದು ಸಣ್ಣ ಘಟನೆ ಉಳಿದ ಎಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದೆ. ಅಮ್ಮ ಸಂಜೆ ಅವಲಕ್ಕಿ ಕಲಸಿ ಇಟ್ಟಿದ್ದಳು. ಅಜ್ಜಿ ನಡುಮನೆಯಲ್ಲಿ ಕೂತಿದ್ದಳು, ಅತ್ತೆ ಅವಳ ಪಕ್ಕದಲ್ಲಿ ಬೇಳೆ ಆರಿಸುತ್ತಿದ್ದಳು. ಅಜ್ಜಿ ಗೋಡೆಯ ಕಡೆ ನೋಡುತ್ತಾ ಮಾತು ತೆಗೆದಳು.

"ಈಗೀಗ ನಂಗೆ ಕಿವಿ ಸರಿಯಾಗಿ ಕೇಳ್ಸಲ್ಲ ಕಣೇ ರಂಗೂ. ಕಣ್ಣೂ ಅಷ್ಟಕ್ಕಷ್ಟೇ. ಮನೇಲಿ ಯಾರು ಏನು ಮಾಡ್ತಾರೋ ಒಂದೂ ತಿಳಿಯಲ್ಲ."

ಅತ್ತೆ ಒಂದು ಕಲ್ಲು ಆರಿಸಿ ಆಚೆ ಇಟ್ಟಳು.

"ನಂಗೆ ಎಲ್ಲಾ ಕೇಳ್ಸುತ್ತೆ ಅಮ್ಮಾ."

ಅಜ್ಜಿಯ ಕಿವಿ ಸಾಯುವವರೆಗೂ ಚುರುಕಾಗಿತ್ತು. ಇದನ್ನು ಬೇಕಾದರೆ ಯಾರನ್ನಾದರೂ ಕೇಳಬಹುದು, ನಾನೂ ನೆರೆಮನೆಯ ಹುಡುಗರೂ ಆಡುತ್ತಿದ್ದ ಪಿಸುಮಾತಿಗೆಲ್ಲ ಅವಳಿಂದ ಉತ್ತರ ಬರುತ್ತಿತ್ತು. ಅವತ್ತು ಅವಳು ಮಗಳಿಗೆ ಮತ್ತೊಮ್ಮೆ ಬೆನ್ನು ತಿರುಗಿಸಿ ಕೊಡಲು ನೋಡಿದಳು. ಅತ್ತೆ ಅದನ್ನು ತೆಗೆದುಕೊಳ್ಳಲಿಲ್ಲ. ಹಟವೋ, ಅಭಿಮಾನವೋ, ಅಥವಾ ತಾಯಿಯನ್ನು ಸುಳ್ಳಿಗೆ ಇಳಿಸಬಾರದೆಂಬ ಮರ್ಯಾದೆಯೋ, ನನಗೆ ಇಂದಿಗೂ ಬಗೆಹರಿದಿಲ್ಲ. ಕಲಸಿದ ಅವಲಕ್ಕಿಯನ್ನು ನಾನು ತಿಂದೆ.

ಅತ್ತೆ ಅಜ್ಜಂಪುರದಲ್ಲೇ ತೀರಿಕೊಂಡಳು. ಅಜ್ಜಿ ಇನ್ನೂ ಇದ್ದಳು. ಬುಕ್ಕಾಂಬುಧಿಯ ಕೆರೆಯ ಕಡೆಯಿಂದ ಬಂದ ಚಳಿಜ್ವರ ಎಂದು ಊರಿನವರು ಹೇಳುತ್ತಿದ್ದರು. ಸಂಜೆಯ ತಿಂಡಿ ನಿಂತದ್ದರಿಂದ ಅವಳು ಸತ್ತಳು ಎಂದು ಹೇಳುವಷ್ಟು ಅವಿವೇಕಿ ನಾನಲ್ಲ. ಆ ವರ್ಷ ಮೂರು ಹೊತ್ತು ಉಂಡವರೂ ಅದೇ ಜ್ವರದಲ್ಲಿ ಹೋದರು. ವೈದ್ಯರು ಮೈಯಲ್ಲಿ ಶಕ್ತಿ ಇಲ್ಲ ಎಂದದ್ದು ನಿಜ, ಆದರೆ ವೈದ್ಯರು ಎಲ್ಲರಿಗೂ ಹಾಗೆಯೇ ಹೇಳುತ್ತಾರೆ. ಅಪ್ಪ ಮಾತ್ರ ಯಾವ ತರ್ಕಕ್ಕೂ ಒಪ್ಪಲಿಲ್ಲ. ಅವಳ ಕರ್ಮವೆಲ್ಲ ಮುಗಿದ ಮೇಲೆ, ಒಂದು ದಿನ ಯಾವುದೋ ಮಾತಿನ ನಡುವೆ, ನನಗೆಂದಲ್ಲ, ಗಾಳಿಗೆ ಹೇಳಿದ ಹಾಗೆ ಹೇಳಿದರು.

"ಇನ್ನೊಂದು ಒಳ್ಳೇ ಪದ ಸಿಕ್ಕಿದ್ರೆ ಆಗ್ತಿತ್ತು."

ನಾನು ಓದಿ, ಕೆಲಸ ಹಿಡಿದು, ಬಿಟ್ಟು, ಮತ್ತೊಂದು ಹಿಡಿದು, ಹೀಗೆ ಊರೂರು ಅಲೆದು, ಬಹಳ ವರ್ಷಗಳ ಮೇಲೆ ಒಂದು ಮಧ್ಯಾಹ್ನ ಕಡೂರಿನಲ್ಲಿ ಚಿಕ್ಕಪ್ಪನನ್ನು ನೋಡಲು ಹೋದೆ. ಅವನಿಗೆ ಪೆನ್ಷನ್ ಆಗಿತ್ತು. ಹಲ್ಲು ಹೋಗಿದ್ದರೂ ಮಾತಿನ ಹರಿತ ಹೋಗಿರಲಿಲ್ಲ. ಅಪ್ಪ ಆಗ ಇರಲಿಲ್ಲ, ಅಮ್ಮನೂ ಇರಲಿಲ್ಲ. ಆ ಜಗಲಿಯಲ್ಲಿ ಕೂತಿದ್ದವರಲ್ಲಿ ಉಳಿದವರು ನಾವಿಬ್ಬರೇ. ಕಾಫಿ ಬಂತು, ಚಕ್ಕುಲಿ ಬಂತು. ನಾನು ಮಾತನ್ನು ಮೆಲ್ಲಗೆ ತರೀಕೆರೆಯ ಕಡೆಗೆ ತಂದೆ.

"ಅಲ್ಲೊಂದಿನ ನೀನು ಟಿಫಿನ್ ಪದದ ಕಥೆ ಹೇಳಿದ್ದು ಜ್ಞಾಪಕ ಇದ್ಯಾ ಚಿಕ್ಕಪ್ಪ?"

"ಇಲ್ದೇ ಏನು. ಹೊಟ್ಟೆ ಹಿಡ್ಕೊಂಡು ನಕ್ಕಿದ್ವಿ. ಪಾಪ, ಅಣ್ಣನ ಮುಖ ನೋಡ್ಬೇಕಿತ್ತು ನೀನು."

"ನಾನೂ ಅಲ್ಲೇ ಇದ್ದೆ. ಅತ್ತೆ ಆವತ್ತಿಂದ ಸಂಜೆ ತಿನ್ನೋದು ಬಿಟ್ಬಿಟ್ಳಲ್ಲ."

"ಯಾರು, ಅಕ್ಕನಾ? ಅದಕ್ಕಲ್ಲ ಕಣೋ. ಅವಳಿಗೆ ಹೊಟ್ಟೆನೋವಿತ್ತು. ಅಣ್ಣನೇ ಕಾಗದ ಬರ್ದಿದ್ದ ನಂಗೆ, ಜೀರ್ಣ ಆಗಲ್ಲ, ಬಿಟ್ಟಿದಾಳೆ ಅಂತ."

ಅಪ್ಪ ತಮ್ಮನಿಗೆ ಹಾಗೆ ಬರೆದಿದ್ದರೆಂಬುದು ನನಗೆ ಅವತ್ತೇ ಗೊತ್ತಾದದ್ದು. ಬರೆದಿರಲೂಬಹುದು, ಚಿಕ್ಕಪ್ಪನ ಮನಸ್ಸು ತನಗೆ ಬೇಕಾದಂತೆ ಕಟ್ಟಿಕೊಂಡಿರಲೂಬಹುದು. ಚಿಕ್ಕಪ್ಪನಿಗೆ ಹುರುಪು ಬಂದಿತ್ತು, ಪ್ರೊಫೆಸರರ ದನಿಯನ್ನೇ ಅನುಕರಿಸುತ್ತಾ ಹಳೆಯ ಪಾಠವನ್ನು ಒಪ್ಪಿಸತೊಡಗಿದ.

"ಊಟದ ಹೊತ್ತಲ್ಲದ ಹೊತ್ತಲ್ಲಿ ತಿನ್ನೋದು ಅಥವಾ ಕುಡಿಯೋದು. ಹಂಗಂತ ಹಳೇ ಪುಸ್ತಕದಲ್ಲಿದೆ ಅಂತ ಹೇಳಿದ್ರು ಅವರು. ನೋಡು, ಇನ್ನೂ ಬಾಯಲ್ಲಿದೆ."

"ತಿನ್ನೋದು ಅಂತಲೂ ಇತ್ತಾ?"

"ಹೂಂ. ತಿನ್ನೋದು, ಕುಡಿಯೋದು, ಎರಡೂ."

"ಅವತ್ತು ನೀನು ಕುಡಿಯೋದು ಅಂತ ಮಾತ್ರ ಹೇಳ್ದೆ."

"ತಿನ್ನೋದು ಅಂತ ಹೇಳಿದ್ರೆ ಯಾರೋ ನಗ್ತಿದ್ರು?" ಎಂದು ಚಿಕ್ಕಪ್ಪ ಚಕ್ಕುಲಿಯ ಚೂರನ್ನು ಕಾಫಿಯಲ್ಲಿ ಅದ್ದಿದ. "ತಗೋ, ಇನ್ನೊಂದು ತಗೋ. ನಿಮ್ಮ ಚಿಕ್ಕಮ್ಮ ಬೇಜಾರು ಮಾಡ್ಕೋತಾಳೆ."

ನಾನು ಇನ್ನೊಂದು ಚಕ್ಕುಲಿ ತೆಗೆದುಕೊಂಡೆ. ಅವನಿಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಅವನಿಗೆ ಅರ್ಥವಾಗುತ್ತಿತ್ತು, ಅದಕ್ಕೇ ಹೇಳಲಿಲ್ಲ. ನಿಲ್ದಾಣಕ್ಕೆ ನಡೆಯುವಾಗ ನನ್ನ ಹಳೆಯ ಚಟ ತಲೆ ಎತ್ತಿತು. ಹಲ್ಲಿಲ್ಲದ ಮುದುಕನ ಬಾಯಲ್ಲಿ ನಿಂತ ಒಂದು ವಾಕ್ಯವನ್ನು ನಂಬುವುದು ಹೇಗೆ? ಅವನ ಅಕ್ಕನ ಹೊಟ್ಟೆನೋವಿನ ಹಾಗೆ ಇದೂ ಆಮೇಲೆ ಹುಟ್ಟಿಕೊಂಡದ್ದಿರಬಹುದು. ಸುಳ್ಳಾಗಿದ್ದರೆ ಒಳ್ಳೆಯದೆಂದು ನನಗೆ ಅನ್ನಿಸುತ್ತಿತ್ತು. ಆಗ ಅವತ್ತಿನ ನಗುವಿಗೆ ಒಂದು ಆಧಾರವಾದರೂ ಇದ್ದಂತಾಗುತ್ತಿತ್ತು, ಅಪ್ಪನ ವಾದ ಬರೀ ಕಚೇರಿಯ ಜಾಣತನವೆಂದು ಬಿಟ್ಟುಬಿಡಬಹುದಾಗಿತ್ತು. ಅಜ್ಜಿಯ ಮುಂದೆ ಅಪ್ಪ ಇಂಗ್ಲಿಷನ್ನು ತಮಗೆ ಬೇಕಾದ ಕಡೆ ಬಗ್ಗಿಸಿದರು, ಚಿಕ್ಕಪ್ಪ ಅದನ್ನು ನೆಟ್ಟಗೆ ಮಾಡಿದ, ಅಷ್ಟೇ ಎಂದು ಸಮಾಧಾನ ಪಡಬಹುದಾಗಿತ್ತು.

ಮೈಸೂರಿಗೆ ಹೋದಾಗ ಪುಸ್ತಕ ಭಂಡಾರದಲ್ಲಿ ಕೇಳಿದೆ. ಇಂಗ್ಲೆಂಡಿನ ಬೀದಿ ಮಾತುಗಳನ್ನು ಕೂಡಿಸಿದ ಬಹಳ ಹಳೆಯ ಕೋಶವೊಂದರ ಮರುಮುದ್ರಣ ಅಲ್ಲಿತ್ತು, ತೆಗೆಸಿದೆ. ಆ ಪದ ಅದರಲ್ಲಿದೆ, ಬಾಲವಿನ್ನೂ ಸವೆಯದ ರೂಪದಲ್ಲಿ. ಊಟದ ಹೊತ್ತನ್ನು ಬಿಟ್ಟು ಬೇರೆ ಹೊತ್ತಿನಲ್ಲಿ ತಿನ್ನುವುದು ಇಲ್ಲವೇ ಕುಡಿಯುವುದು ಎಂದು ಅದಕ್ಕೆ ಅರ್ಥ ಕೊಟ್ಟಿದ್ದಾರೆ. ತಿನ್ನುವುದು ಮೊದಲು ಬರುತ್ತದೆ.